ಬ್ಯಾಂಡು ನಿಲ್ಲಬಾರದು

ಒಂದು ತಟ್ಟೆ ಮಾತ್ರ ಹೊರಗೆ ಬರಲಿಲ್ಲ. ಬ್ರೆಡ್ಡಿನ ವ್ಯಾನಿನೊಳಗೆ ಬಗ್ಗಿ ನಿಂತ ಬೇಕರಿಯವರ ಮಗಳು ಉಳಿದ ಹದಿನೇಳು ತಗಡಿನ ತಟ್ಟೆಗಳನ್ನೂ ಒಂದೊಂದಾಗಿ ಎಳೆದು ಟಪಾಲಿನವರ ಕೈಗೆ ಕೊಟ್ಟಿದ್ದಳು. ಹದಿನೆಂಟನೆಯದು ಮೇಲಿನ ಕಂಬಿಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತು. ಎಷ್ಟು ಜಗ್ಗಿದರೂ ಝಣಝಣ ಎನ್ನುತ್ತಿತ್ತೇ ಹೊರತು ಕಳಚಲಿಲ್ಲ.

"ಬಿಡಮ್ಮ ಅದನ್ನ. ಪೆಟ್ಟಿಗೆಗೆ ತಾಗಲ್ಲ," ಎಂದರು ಟಪಾಲಿನವರು. ಅವರು ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಬೀದಿಯ ಜನಕ್ಕೆ ಇನ್ನೂ ಟಪಾಲಿನವರೇ. "ಗಂಟೆ ಎಷ್ಟು?"

"ಹತ್ತಕ್ಕೆ ಹತ್ತು ನಿಮಿಷ."

"ಹತ್ತೂವರೆಗೆ ಸಿಪಾಯಿಗಳ ಬ್ಯಾಂಡು ಕೋಟೆ ಬಾಗಿಲಿಗೆ ಬಂದುಬಿಡುತ್ತೆ. ಕೈ ಬೇಗ ಆಡ್ಲಿ."

ಬೇಕರಿಯ ಮುಂದೆ ಬಾಡಿಗೆಗೆ ಬಂದ ಹೆಣದ ಗಾಡಿ ಮೈತುಂಬ ಹೂ ಹೊತ್ತುಕೊಂಡು ನಿಂತಿತ್ತು. ಅದರ ಚಾಲಕ ತನ್ನ ಗಾಡಿಗೆ ಬರಬೇಕಾದ ಪೆಟ್ಟಿಗೆಗೆ ಬೇರೆ ಗಾಡಿಯಲ್ಲಿ ಜಾಗ ಮಾಡುತ್ತಿರುವುದನ್ನು ಕಂಡು, ಯಾರನ್ನು ಕೇಳಬೇಕೋ ತಿಳಿಯದೆ, ಕನ್ನಡಿ ಒರೆಸುತ್ತಿದ್ದ.

ಅಷ್ಟರಲ್ಲಿ ಮಾಮ ಹೊರಗೆ ಬಂದರು. ತೀರಿಕೊಂಡದ್ದು ಬೇಕರಿಯವರು; ಅವರ ಹೆಂಡತಿಗೆ ಮಾಮ ತಮ್ಮ. ಬೆಳಗಿನ ಬಸ್ಸಿನಲ್ಲಿ ಬಂದವರು, ಕಪ್ಪು ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ.

"ಏನೇ ಇದು?"

"ಮಾಮ, ಸ್ವಲ್ಪ ಕೈ ಕೊಡ್ತೀರಾ?"

"ಕೈ ಆಮೇಲೆ ಕೊಡೋಣ. ಬ್ರೆಡ್ಡಿನ ಗಾಡೀಲಿ ಯಾರಾದ್ರೂ ಹೆಣ ಸಾಗಿಸ್ತಾರೇನೇ? ನಾಳೆಯಿಂದ ನಿಮ್ಮ ಅಂಗಡೀಲಿ ಒಂದು ಬನ್ನಾದ್ರೂ ಯಾರು ಮುಟ್ತಾರೆ?"

"ಹೂವಿನ ಗಾಡೀಲಿ ಹೋದ್ರೆ ಬ್ಯಾಂಡು ನಿಂತುಹೋಗುತ್ತೆ ಮಾಮ."

"ನಿಲ್ಲಲಿ ಬಿಡು. ಸತ್ತಿರೋದು ಭಾವ. ಬ್ಯಾಂಡು ಕಟ್ಕೊಂಡು ಯಾರಿಗೇನಾಗ್ಬೇಕು?"

"ಅವರಿಗಾಗ್ಬೇಕು," ಎಂಬ ಮಾತು ಮೆಟ್ಟಿಲ ಕಡೆಯಿಂದ ಬಂತು. ಬೇಕರಿಯವರ ಹೆಂಡತಿ ಅಲ್ಲಿ ನಿಂತಿದ್ದಳು. ಎರಡು ದಿನದಿಂದ ಆಕೆ ಇಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. "ಮೂವತ್ತೆಂಟು ವರ್ಷ ಆ ಗಾಡೀಲಿ ಅವರೇ ತಾನೇ ಕೂತಿದ್ದು? ಇವತ್ತೊಂದು ದಿನ ಮಲಗಿದ್ರೆ ಬ್ರೆಡ್ಡಿಗೇನು ಬೇಜಾರಾಗಲ್ಲ."

*

ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ ಬೇಕರಿಯವರು ಕೋಟೆಯಿಂದ ಬಂದವರೇ ಅಂಗಿ ಕೂಡ ಬದಲಿಸದೆ ಗಲ್ಲಾದ ಮುಂದೆ ನಿಂತಿದ್ದರು. ವಾರವಾರವೂ ಹೀಗೆಯೇ. ಬೆಳಗಿನ ಕೊನೆಯ ಬ್ರೆಡ್ಡು ಒಲೆಯಿಂದ ಇಳಿಯುತ್ತಲೇ ಕೈಕಾಲು ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಟೆಯ ಅಡುಗೆಮನೆಗೆ ಬ್ರೆಡ್ಡು ಇಳಿಸಿ, ಕೋಟೆ ಬಾಗಿಲಿನ ಎದುರು ಮೂರನೆಯ ದೀಪದ ಕಂಬದ ಪಕ್ಕ ಅದರಷ್ಟೇ ನೆಟ್ಟಗೆ ನಿಂತುಕೊಳ್ಳುವುದು. ಕಾವಲು ಬದಲಾಗುವ ಕವಾಯತನ್ನು ಕಣ್ಣು ಮಿಟುಕಿಸದೆ ನೋಡುವುದು. ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸುವುದು. ತುತ್ತೂರಿಯವರಲ್ಲಿ ಯಾರ ಕೆನ್ನೆ ಹೆಚ್ಚು ಊದಿತ್ತು, ಯಾರ ಬೂಟಿನ ಹೊಳಪು ಸಾಲದು, ಹೊಸದಾಗಿ ಸೇರಿದ ಕೊಳಲಿನವನು ತಿರುವಿನಲ್ಲಿ ಹೇಗೆ ಹೆಜ್ಜೆ ತಪ್ಪಿ ಮತ್ತೆ ಕೂಡಿಕೊಂಡ, ಎಲ್ಲವನ್ನೂ. ಆಕೆ ಬನ್ನು ಕಟ್ಟಿಕೊಡುತ್ತ ಹೂಂಗುಟ್ಟುತ್ತಿದ್ದಳು.

"ಲೇ, ಇವತ್ತು ಏನು ನೋಡಿದೆ ಗೊತ್ತಾ?" ಎಂದರು ಆ ದಿನ. "ಎದುರಿಂದ ಒಂದು ಹೆಣದ ಗಾಡಿ ಬಂತು. ಡ್ರಮ್ ಮೇಜರ್ ಇದ್ದಾನಲ್ಲ, ತುದಿಗೆ ಬೆಳ್ಳಿ ಗುಂಡಿರೋ ಕೋಲು ಹಿಡಿದು ಮುಂದೆ ನಡೆಯೋನು, ಅವನು ಕೋಲನ್ನ ಹೀಗೆ ಅಡ್ಡ ಹಿಡಿದ ನೋಡು, ನಲವತ್ತು ವಾದ್ಯ ಒಂದೇ ಸಲ ಕೆಳಗೆ. ಅಷ್ಟು ಹೊತ್ತು ಭೋರ್ಗರೀತಿದ್ದ ಬೀದಿ ಗಪ್‌ಚಿಪ್. ಬರೀ ಬೂಟಿನ ಸದ್ದು. ಸಣ್ಣ ಡ್ರಮ್ಮಿನವನೊಬ್ಬ ಅಂಚಿನ ಮೇಲೆ ಟಿಕ್, ಟಿಕ್ ಅಂತ ಹೆಜ್ಜೆ ಹೇಳ್ತಿದ್ದ. ಗಾಡಿ ದಾಟೋವರೆಗೂ ಅಷ್ಟೇ. ಯಾರು ಸತ್ತಿದ್ರೂ ಅವರದು ಅದೇ ಪದ್ಧತಿಯಂತೆ."

"ಒಳ್ಳೇ ಪದ್ಧತಿ."

"ಎಂಥಾ ಒಳ್ಳೇದು?" ಬೇಕರಿಯವರ ಮುಖ ಸಣ್ಣಗಾಯಿತು. "ಮರ್ಯಾದೆಯೇನೋ ದೊಡ್ಡದೇ. ಆದ್ರೆ ಪಾಪ, ಆ ಮನುಷ್ಯನಿಗೆ ಅದೇ ಕೊನೇ ಸಲ ಅಲ್ವಾ? ಒಂದು ನಿಮಿಷ ಕೇಳಿಸ್ಕೊಂಡು ಹೋಗ್ತಿದ್ದ. ನೋಡು, ನನಗೆ ಮಾತ್ರ ಹಾಗೆ ಮಾಡ್ಬೇಡಿ. ಕದ್ದುಮುಚ್ಚಿಯಾದ್ರೂ ಕರ್ಕೊಂಡು ಹೋಗಿ."

"ಶನಿವಾರ ಬೆಳಗ್ಗೆ ಬೆಳಗ್ಗೆ ಏನು ಮಾತು ಅಂತ ಆಡ್ತೀರ? ಆ ಬನ್ನಿನ ತಟ್ಟೆ ಈ ಕಡೆ ಕೊಡಿ."

*

ಪ್ರಾರ್ಥನೆ ಹೇಳಲು ಬಂದಿದ್ದ ಹಿರಿಯರು ಅಕ್ಕ ತಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡರು. ಮಾಮ ಅವರ ಕಡೆ ತಿರುಗಿ, "ನೀವಾದ್ರೂ ಹೇಳಿ ಸ್ವಾಮಿ," ಎಂದರು.

ಹಿರಿಯರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. "ಮಣ್ಣು ಹನ್ನೆರಡು ಗಂಟೆಗೆ ತಾನೇ? ನಾನು ಅಲ್ಲೇ ಹೋಗಿ ಕೂತಿರ್ತೀನಿ. ನೀವು ಹೋಗಿ ಬನ್ನಿ. ದೇವರು ಕಾಯ್ತಾನೆ, ಬ್ಯಾಂಡು ಕಾಯಲ್ಲ."

ಅದಾದ ಮೇಲೆ ಮಾಮ ಕೋಟಿನ ಗುಂಡಿ ಬಿಚ್ಚಿ ಪೆಟ್ಟಿಗೆಗೆ ಹೆಗಲು ಕೊಡಲು ಬಂದರು. ಒಲೆ ಕೆಲಸದವರು ಇಬ್ಬರು ಹಿಂದೆ ನಿಂತರು. ಮುಂದೆ ಮಾಮ ಮತ್ತು ಟಪಾಲಿನವರು.

"ಎಡಗಾಲು ಮೊದಲು," ಎಂದರು ಟಪಾಲಿನವರು.

ಮಾಮ ಅಭ್ಯಾಸದಂತೆ ಬಲಗಾಲು ಎತ್ತಿದರು. ಪೆಟ್ಟಿಗೆ ಒಂದು ಕಡೆಗೆ ವಾಲಿತು.

"ಎಡಗಾಲು ಮಾಮ. ಅಪ್ಪ ಯಾವತ್ತಾದ್ರೂ ಬಲಗಾಲಲ್ಲಿ ಹೊರಟಿದ್ದು ನೋಡಿದೀರಾ?"

"ನೋಡಿದ್ರೆ ಹೇಳ್ತಿದ್ದೆ. ಮದುವೆ ದಿನವೇ ನಮ್ಮನೆಗೆ ಎಡಗಾಲಿಟ್ಟು ಬಂದ ಮಹರಾಯ. ಸಿಪಾಯಿಗಳು ಹಾಗೇ ಹೊರಡೋದು ಅಂದನಂತೆ. ನಮ್ಮಪ್ಪ ಒಂದು ತಿಂಗಳು ಮಾತಾಡಿಸ್ಲಿಲ್ಲ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಮಗಳಿಗೆ ಗೊತ್ತಾಗಲಿಲ್ಲ. ಎಡಗಾಲು, ಬಲಗಾಲು, ಎಡಗಾಲು ಎಂದು ಬೇಕರಿಯವರು ಮನೆಯ ಮೆಟ್ಟಿಲಿಳಿದು ಬ್ರೆಡ್ಡಿನ ವ್ಯಾನು ಹತ್ತಿದರು.

"ಒಂದು ಮಾತು," ಎಂದಳು ಮಗಳು ಬಾಗಿಲು ಹಾಕುವ ಮುಂಚೆ. "ಅಲ್ಲಿ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಬ್ರೆಡ್ಡಿನ ಗಾಡಿ ನಿಂತಿದೆ, ಅಷ್ಟೇ. ಟಪಾಲು ಮಾಮ, ನಿಮಗೇ ಹೇಳ್ತಿರೋದು."

"ನಾನ್ಯಾಕಮ್ಮ ಹೇಳ್ಲಿ?" ಎಂದರು ಟಪಾಲಿನವರು ನೊಂದುಕೊಂಡವರಂತೆ.

*

ಬೇಕರಿಯ ಮೇಲಿನ ಎರಡು ಕೋಣೆಗಳೇ ಅವರ ಮನೆ. ನಸುಕಿನಲ್ಲಿ ಗಂಡ ಎದ್ದು ಕೆಳಗೆ ಹೋಗುವುದು ಆಕೆಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಆ ಎರಡು ಏಟು. ಹಿಟ್ಟು ನಾದುವ ಮೊದಲು ಅವರು ಅಂಗೈಯಿಂದ ಮರದ ಮೇಜಿನ ಮೇಲೆ ಎರಡು ಸಲ ಬಡಿಯುತ್ತಿದ್ದರು. ಧಡ್, ಧಡ್. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಕೆಲಸ ಶುರು.

ಮದುವೆಯಾದ ಹೊಸದರಲ್ಲಿ ಆಕೆ ಕೇಳಿದ್ದಳು. "ಅದೇನ್ರೀ, ಇಲಿ ಓಡಿಸ್ತೀರಾ?"

"ದೊಡ್ಡ ಡ್ರಮ್ಮು ಕಣೇ. ಅದು ಎರಡು ಏಟು ಕೊಡದೆ ಬ್ಯಾಂಡು ಶುರುವಾಗೋ ಹಾಗಿಲ್ಲ. ಎಂಥಾ ಮಿಲಿಟರಿ ಜನರಲ್ಲು ಬಂದು ನಿಂತಿದ್ರೂ ಅಷ್ಟೇ. ಒಂದ್ಸಲ ಬಾ, ನೋಡುವಿಯಂತೆ."

"ಬರ್ತೀನಿ, ಮುಂದಿನ ಶನಿವಾರ."

ಶನಿವಾರ ಬೆಳಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಅವರು "ಬರ್ತೀಯಾ?" ಎನ್ನುವುದು, ಆಕೆ ಜನದ ತಲೆಗಳ ಮೇಲಿಂದ "ಮುಂದಿನ ಶನಿವಾರ" ಎನ್ನುವುದು. ಹೋದ ಶನಿವಾರವೂ ಅದೇ ಆಯಿತು. ಗುರುವಾರ ಊಟ ಮಾಡಿ ಮಲಗಿದವರು ಏಳಲಿಲ್ಲ.

*

ಕೋಟೆ ಬೀದಿಗೆ ಅಡ್ಡ ಕಟ್ಟಿದ ಹಗ್ಗದ ಬಳಿ ಪೊಲೀಸಿನವನು ಕೈ ಅಡ್ಡ ಹಿಡಿದ. ವ್ಯಾನಿನ ಮೇಲಿನ ಬೇಕರಿಯ ಹೆಸರು ಓದಿ ಕೈ ಇಳಿಸಿದ.

"ಏನಮ್ಮ, ಇವತ್ತು ಬ್ರೆಡ್ಡು ಲೇಟು?"

"ಸ್ವಲ್ಪ ಲೇಟಾಯ್ತಣ್ಣ."

"ನಿಮ್ಮಪ್ಪ ಎಲ್ಲಿ? ಕಂಬದ ಹತ್ರ ಕಾಣ್ಲೇ ಇಲ್ಲ. ಹುಷಾರಿಲ್ವಾ?"

ಮಗಳು ಗೇರು ಹಾಕಿದಳು. "ಹಿಂದೆ ಇದ್ದಾರೆ."

"ಹಾಗಾದ್ರೆ ಬೇಗ ಹೋಗಿ, ಶುರುವಾಗೋ ಹೊತ್ತು," ಎಂದು ಅವನು ಹಗ್ಗ ಸಡಿಲಿಸಿದ.

ಮಗಳು ವ್ಯಾನನ್ನು ಮೂರನೆಯ ಕಂಬದ ಪಕ್ಕ, ಹಿಂಬಾಗಿಲು ಬೀದಿಯ ಕಡೆಗೆ ಬರುವಂತೆ ತಿರುಗಿಸಿ ನಿಲ್ಲಿಸಿ, ಬಾಗಿಲನ್ನು ಗೇಣಷ್ಟು ಮಾತ್ರ ತೆರೆದಳು. ಬಿಸಿಲು ಚೆನ್ನಾಗಿತ್ತು. ಬೀದಿಯ ಎರಡು ಕಡೆಯೂ ಜನ. ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ತಂದೆಯಂದಿರು, ಸಾಲಿನಲ್ಲಿ ಬಂದ ಶಾಲೆಯ ಹುಡುಗಿಯರು. ಮೂರನೆಯ ಕಂಬದಿಂದ ಐದನೆಯ ಕಂಬದವರೆಗೆ ಮಾತ್ರ ವಾರವಾರವೂ ಬರುವವರ ಜಾಗ. ಹೆಚ್ಚಿನವರು ಮುದುಕರು, ಎಲ್ಲರ ತಲೆಯ ಮೇಲೂ ಟೋಪಿ. ಕಂಬದ ಬುಡದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವನ್ನು ಅವರು ಖಾಲಿ ಬಿಟ್ಟಿದ್ದರು.

ಬೇಕರಿಯವರ ಹೆಂಡತಿ ಹೋಗಿ ಅಲ್ಲಿ ನಿಂತಳು.

ಮೊದಲು ಕೇಳಿಸಿದ್ದು ಸದ್ದಲ್ಲ, ಅಂಗಾಲಿನಲ್ಲಿ ಒಂದು ನಡುಕ. ಆಮೇಲೆ ಬೀದಿಯ ತಿರುವಿನಾಚೆ ತುತ್ತೂರಿಗಳು ಒಟ್ಟಿಗೆ ಬಾಯಿ ತೆರೆದವು. ಜನ ಮುಂದಕ್ಕೆ ಒತ್ತಿದರು. ಬಿಸಿಲಿನಲ್ಲಿ ಬೆಳ್ಳಿ ಗುಂಡಿನ ಕೋಲು ಮೇಲಕ್ಕೆ ಹಾರಿ, ಗಿರಗಿರನೆ ತಿರುಗಿ ಕೈಗೆ ಬಂತು. ಅದರ ಹಿಂದೆ ಕೆಂಪು ಅಂಗಿ, ಬಿಳಿ ಪಟ್ಟಿ, ಹಿತ್ತಾಳೆಯ ಒಂದು ಗೋಡೆಯೇ ನಡೆದು ಬರುತ್ತಿತ್ತು.

"ಅಕ್ಕ, ಬಂತು ಬಂತು," ಎಂದು ಮಾಮ ಆಕೆಯ ತೋಳು ಹಿಡಿದು ಅಲುಗಾಡಿಸಿದರು. ತಾವು ಹಾಗೆ ಮಾಡುತ್ತಿರುವುದು ಅವರಿಗೇ ಗೊತ್ತಿರಲಿಲ್ಲ. ಇಷ್ಟು ದೊಡ್ಡದೆಂದು ಗಂಡ ಹೇಳಿಯೇ ಇದ್ದರು. ಹೂಂಗುಟ್ಟಿದ್ದಳೇ ಹೊರತು ಆಕೆಗೆ ತಿಳಿದಿರಲಿಲ್ಲ.

ಆಗಲೇ ಆದದ್ದು ಅದು. ಟಪಾಲಿನವರ ಪಕ್ಕದಲ್ಲಿದ್ದ ಮುದುಕ, "ಎಲ್ಲಿ ನಿಮ್ಮ ಜೊತೆಗಾರ?" ಎಂದು ಕೇಳಿದ. ಮೂವತ್ತು ವರ್ಷ ಮನೆಮನೆಗೆ ಸುದ್ದಿ ಮುಟ್ಟಿಸಿದ ಮನುಷ್ಯ ಅವರು. ಕೈಯಲ್ಲಿ ಒಂದು ಸುದ್ದಿ ಇಟ್ಟುಕೊಂಡು, ಕೇಳಿದವನಿಗೆ ಇಲ್ಲವೆನ್ನುವುದು ಅವರಿಂದ ಆಗಲಿಲ್ಲ. ಬಗ್ಗಿ ಅವನ ಕಿವಿಯಲ್ಲಿ ಎರಡು ಮಾತು ಹೇಳಿದರು. ಮುದುಕ ವ್ಯಾನಿನ ಕಡೆ ನೋಡಿ ಟೋಪಿ ತೆಗೆದ. ಅವನು ಪಕ್ಕದವನಿಗೆ ಹೇಳಿದ. ಅವನೂ ತೆಗೆದ. ಮೂರನೆಯ ಕಂಬದಿಂದ ಐದನೆಯ ಕಂಬದವರೆಗೆ ಟೋಪಿಗಳು ಒಂದರ ಹಿಂದೆ ಒಂದು ಕೆಳಗಿಳಿದವು.

"ಅಯ್ಯೋ ಟಪಾಲು ಮಾಮ," ಎಂದಳು ಮಗಳು.

ಡ್ರಮ್ ಮೇಜರ್ ಇಪ್ಪತ್ತು ಹೆಜ್ಜೆಯಾಚೆ ಇದ್ದ. ಸಾಲಾಗಿ ಬರಿಯ ತಲೆಗಳು, ನಡುವೆ ಬಾಗಿಲು ಗೇಣಷ್ಟು ತೆರೆದ ಬ್ರೆಡ್ಡಿನ ವ್ಯಾನು, ಯಾವಾಗಲೂ ಒಬ್ಬ ಮನುಷ್ಯ ನೆಟ್ಟಗೆ ನಿಂತಿರುತ್ತಿದ್ದ ಕಂಬದ ಬುಡದಲ್ಲಿ ಶೋಕದ ಬಟ್ಟೆ ತೊಟ್ಟ ಒಬ್ಬ ಹೆಂಗಸು. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೋಲು ಅಡ್ಡವಾಯಿತು. ನಲವತ್ತು ವಾದ್ಯಗಳು ಒಂದೇ ಸಲ ಕೆಳಗಿಳಿದವು.

ಬೀದಿ ಗಪ್ಪೆಂದಿತು. ಬೂಟುಗಳ ಸದ್ದು. ಡ್ರಮ್ಮಿನ ಅಂಚಿನ ಮೇಲೆ ಟಿಕ್, ಟಿಕ್.

ಟಪಾಲಿನವರು ಟೋಪಿಯಲ್ಲಿ ಮುಖ ಮುಚ್ಚಿಕೊಂಡರು. ಮಗಳು ತುಟಿ ಕಚ್ಚಿ ನಿಂತಳು. ಆ ಮರ್ಯಾದೆಯ ಮೌನದಲ್ಲಿ ಹೆಜ್ಜೆಗಳು ಹತ್ತಿರ ಬಂದವು, ಇನ್ನೂ ಹತ್ತಿರ. ಇನ್ನು ಹತ್ತು ಹೆಜ್ಜೆಗೆ ಅವರು ದಾಟಿಬಿಡುತ್ತಿದ್ದರು.

ಬೇಕರಿಯವರ ಹೆಂಡತಿ ವ್ಯಾನಿನ ಕಡೆಗೆ ತಿರುಗಿದಳು. ಅಂಗೈ ಅಗಲಿಸಿ ಅದರ ತಗಡಿನ ಮೇಲೆ ಎರಡು ಸಲ ಬಡಿದಳು.

ಧಡ್. ಧಡ್.

ಶಾಲೆಯ ಹುಡುಗಿಯರು ಬೆಚ್ಚಿ ನೋಡಿದರು. ಅಲುಗಬಾರದೆಂಬ ಕಟ್ಟಳೆಯಿದ್ದ ಡ್ರಮ್ ಮೇಜರನ ಕಣ್ಣು ಒಂದು ಸಲ ಅಲುಗಿತು, ಆಕೆಯ ಕಡೆಗೆ. ಆಕೆ ಹೂಂ ಎಂಬಂತೆ ತಲೆಯಾಡಿಸಿದಳು. ಒಂದು ಹೆಜ್ಜೆ, ಎರಡು ಹೆಜ್ಜೆ. ಕೋಲು ನೆಟ್ಟಗಾಗಿ ಮೇಲಕ್ಕೇರಿತು. ದೊಡ್ಡ ಡ್ರಮ್ಮಿನವನು ಎರಡು ತೋಳನ್ನೂ ಎತ್ತಿ, ಮೂರನೆಯ ಕಂಬದ ಸರೀ ಎದುರಿಗೆ, ಎರಡು ಏಟು ಕೊಟ್ಟ. ಒಂದು ಉಸಿರಿನಷ್ಟು ಬಿಡುವು.

ಆಮೇಲೆ ಬ್ಯಾಂಡು ಬೀದಿಯನ್ನೇ ಎತ್ತಿಕೊಂಡಿತು. ಮಕ್ಕಳು ಕೂಗಿದರು, ಮುದುಕರು ಟೋಪಿ ಬೀಸಿದರು. ಮಾಮನ ಎಡಗಾಲು ತನ್ನಷ್ಟಕ್ಕೆ ನೆಲ ಕುಟ್ಟುತ್ತಿತ್ತು. ಮಗಳು ಓಡಿ ಹೋಗಿ ವ್ಯಾನಿನ ಎರಡು ಬಾಗಿಲನ್ನೂ ಪೂರ್ತಿ ತೆರೆದಳು. ಬಿಸಿಲು ಒಳಗೆ ಬಿದ್ದು, ಪೆಟ್ಟಿಗೆಯ ಮೇಲೆ ಹಳೆಯ ಹಿಟ್ಟಿನ ದೂಳು ಹೊಗೆಯಂತೆ ಎದ್ದಿತು. ಮೇಲಿನ ಕಂಬಿಯಲ್ಲಿ ಓರೆಯಾಗಿ ಉಳಿದಿದ್ದ ಆ ಒಂದು ತಟ್ಟೆ ದೊಡ್ಡ ಡ್ರಮ್ಮಿನ ಒಂದೊಂದು ಏಟಿಗೂ, ಒಂದೂ ತಪ್ಪದಂತೆ, ಝಣ್ ಎನ್ನುತ್ತಿತ್ತು.