ಹಸಿರು ಚೌಕಳಿಯ ತೋಳು

ಬೇಕರಿಯಮ್ಮನ ಬೆರಳು ಕೌದಿಯ ಹಸಿರು ಚೌಕಳಿಯ ಪಟ್ಟಿಯೊಂದರ ಮೇಲೆ ಊರಿ ನಿಂತಿತು. ಉಗುರಿನ ಸಂದಿಯಲ್ಲಿ ಮೈದಾಹಿಟ್ಟು ಒಣಗಿತ್ತು.

"ಇದು ನನ್ನ ಬಟ್ಟೆ," ಎಂದಳು.

ಕಾಜಾ ಅಕ್ಕ ನಕ್ಕುಬಿಟ್ಟಳು. ಕೌದಿಯನ್ನು ಅಂಗಡಿಯ ಮುಂದಿನ ಕಂಬಿಗೆ ಬಿಸಿಲಿಗೆ ಹಾಕಿದಾಗಿನಿಂದ ದಾರಿಯಲ್ಲಿ ಹೋಗುವವರೆಲ್ಲ ಹೀಗೆಯೇ ನಿಂತು, ಇದು ನಮ್ಮ ಮನೆ ಪರದೆ, ಇದು ನಮ್ಮೆಜಮಾನರ ಪೈಜಾಮ ಎಂದು ಗುರುತು ಹಿಡಿದು ಹೋಗುತ್ತಿದ್ದರು. ಅವಳ ಗಂಡ ಮಾಸ್ಟರ್ ಆ ಬೀದಿಯ ದರ್ಜಿ. ಅವನು ಹೊಲಿದದ್ದಕ್ಕೆಲ್ಲ ಕಾಜಾ ತೆಗೆದು ಗುಂಡಿ ಹಾಕುವವಳು ಅವಳಾದ್ದರಿಂದ ಬೀದಿಗೆಲ್ಲ ಕಾಜಾ ಅಕ್ಕ. ಕತ್ತರಿಸಿ ಉಳಿದ ಚೂರುಗಳನ್ನು ಪೆಟ್ಟಿಗೆಯಿಂದ ಆರಿಸಿ, ನಾಲ್ಕು ಬೆರಳಗಲದ ಪಟ್ಟಿಗಳನ್ನಾಗಿ ಮಾಡಿ, ಬಣ್ಣಕ್ಕೆ ಬಣ್ಣ ಹೊಂದಿತೋ ಇಲ್ಲವೋ ನೋಡದೆ, ಕೈಗೆ ಸಿಕ್ಕಿದ್ದರ ಪಕ್ಕ ಕೈಗೆ ಸಿಕ್ಕಿದ್ದನ್ನು ಇಟ್ಟು ಹಳೆಯ ಹಾಸಿನ ಮೇಲೆ ಹೊಲಿದ ಕೌದಿ ಅದು. ಮಾರನೆಯ ದಿನ ಅನಾಥಾಲಯಕ್ಕೆ ಹೋಗಬೇಕಿತ್ತು.

"ಎಲ್ಲರದೂ ಇದೆ ಅಕ್ಕ. ನಿಮ್ಮದೂ ಉಳಿದಿದ್ದ ಚೂರು ಸೇರಿರಬೇಕು."

"ಉಳಿದಿದ್ದಾ? ನನ್ನ ಬಟ್ಟೇಲಿ ಎಲ್ಲಮ್ಮಾ ಉಳೀತು? ಬಟ್ಟೆ ಸಾಲ್ದು, ತುಂಬುತೋಳು ಬರಲ್ಲ ಅಂತ ಮೋಟುತೋಳು ಇಟ್ಟುಕೊಟ್ಟಿದ್ದು ನಿನ್ನ ಗಂಡ ತಾನೇ? ನನ್ನ ಮಗಳು ಒಲೆ ಬಾಗಿಲಿಗೆ ಕೈ ಸುಟ್ಕೊಂಡಿದ್ದು ಈ ಬೀದೀಲಿ ಯಾರಿಗೆ ಗೊತ್ತಿಲ್ಲ? ಅವಳಿಗೆ ಅಂತ ಹೊಲಿಸಿದ ಆ ಡ್ರೆಸ್ಸು ಇವತ್ತಿಗೂ ಕಪಾಟಲ್ಲಿದೆ. ಅವಳು ಈ ಉರಿಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಕಾಲೇಜಿಗೆ ಹೋಗ್ತಾಳೆ!"

ಎದುರಿನ ಪಂಕ್ಚರ್ ಅಂಗಡಿಯವನು ಪಂಪು ಒತ್ತುವುದನ್ನು ನಿಲ್ಲಿಸಿದ. ಅವನು ನಿಲ್ಲಿಸಿದ್ದೇ ಕಾಜಾ ಅಕ್ಕನಿಗೆ ಮೈಯೆಲ್ಲ ಉರಿದಂತಾಯಿತು.

"ನಾಲಿಗೆ ಬಿಗಿ ಹಿಡಿದು ಮಾತಾಡಿ ಅಕ್ಕ. ಇನ್ನೊಬ್ಬರ ಎಳೆ ದಾರ ಇಟ್ಟುಕೊಂಡ ಕೈ ಅಲ್ಲ ಅವರದು. ಬೀದೀಲಿ ನಿಂತು ಹೇಳ್ತಿದೀನಿ, ಇಟ್ಟುಕೊಂಡಿದ್ರೆ ನನ್ನ ಕಣ್ಣು ಹೋಗ್ಲಿ! ಲೋಕದಲ್ಲಿ ಹಸಿರು ಚೆಕ್ಸ್ ನಿಮ್ಮೊಬ್ಬರಿಗೇ ನೇಯ್ದಿದ್ದಾರಾ?"

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ವಂತೆ. ದರ್ಜಿ ಬೇಕರಿಯವಳನ್ನ ಬಿಡ್ತಾನಾ?" ಬೇಕರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು, ಕೌದಿ ಮುಟ್ಟಿ ಮೈಲಿಗೆಯಾಯಿತೇನೋ ಎಂಬಂತೆ. "ಕೊಡಿ ಕೊಡಿ. ಊರವರ ಬಟ್ಟೇಲಿ ದಾನ ಮಾಡಿ ಪುಣ್ಯ ಕಟ್ಕೊಳ್ಳಿ."

ಅವಳು ಹೋದ ದಾರಿಯನ್ನೇ ಕಾಜಾ ಅಕ್ಕ ದುರುಗುಟ್ಟಿ ನೋಡಿದಳು. ಏನೆಂದುಕೊಂಡಿದ್ದಾಳೆ ಈ ಹೆಂಗಸು! ಬೆನ್ನು ಬಾಗಿಸಿ, ಬೆರಳು ಚುಚ್ಚಿಸಿಕೊಂಡು ಯಾರೋ ಮಕ್ಕಳಿಗೆ ಬೆಚ್ಚಗಿರಲಿ ಎಂದು ಹೊಲಿದರೆ ಕಳ್ಳರ ಪಟ್ಟ! ಸಿಟ್ಟಿನಲ್ಲೇ ಕೌದಿಯನ್ನು ಕಂಬಿಯ ಮೇಲೆ ಸರಿಪಡಿಸಹೋದವಳ ಕಣ್ಣು ಹಸಿರನ್ನೇ ಹುಡುಕತೊಡಗಿತು. ಇಲ್ಲೊಂದು, ಅಲ್ಲೊಂದು, ಕೆಳಗೆ ಮತ್ತೊಂದು. ಉಳಿದ ಪಟ್ಟಿಗಳಿಗೆಲ್ಲ ನಡುನಡುವೆ ಜೋಡಣೆಯಿತ್ತು. ಕಂಕುಳ ಕತ್ತರಿಸಿದ ಅರ್ಧಚಂದ್ರ, ಕತ್ತಿನ ಚೂರು, ಅವನ್ನು ಕೂಡಿಸಿ ಕೂಡಿಸಿ ಉದ್ದ ಮಾಡಿದ್ದಳು. ಹಸಿರಿಗೆ ಮಾತ್ರ ಜೋಡಣೆಯೇ ಇರಲಿಲ್ಲ. ಅದು ಮಡಿಸಿಟ್ಟ ದೊಡ್ಡ ತುಂಡಾಗಿ ಸಿಕ್ಕಿತ್ತು. ಅಬ್ಬ, ಕೆಲಸ ಹಗುರವಾಯಿತು ಎಂದು ಸಂತೋಷಪಟ್ಟು ಕತ್ತರಿ ಹಾಕಿದ್ದಳು. ಯಾಕಿಷ್ಟು ದೊಡ್ಡದು ಎಂದು ಕೇಳಬೇಕೆಂದು ಆಗ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೇ?

ಒಳಗೆ ಮಾಸ್ಟರ್ ಮಿಷನ್ ತುಳಿಯುತ್ತಿದ್ದ.

"ಆ ಹಸಿರು ಚೆಕ್ಸ್ ಯಾರದ್ದು ರೀ?"

"ಅಷ್ಟು ಹೊತ್ತು ಬೀದೀಲಿ ಕೂಗಾಡಿ ಬಂದು ನನ್ನ ಕೇಳ್ತೀಯಲ್ಲ."

"ಬಟ್ಟೆ ಸಾಲ್ದು ಅಂದ್ರಂತೆ ನೀವು."

ಮಿಷನ್ ನಿಂತಿತು. "ಚೆಕ್ಸ್ ಕಣೇ ಅದು. ತೋಳಿನ ಗೆರೆ ಮೈಯ ಗೆರೆಗೆ ಕೂಡಬೇಕು. ಕೂಡದಿದ್ರೆ ಗೊಂಬೆ ಕೈ ತಿರುಚಿ ಹಾಕಿದ ಹಾಗೆ ಕಾಣುತ್ತೆ. ಅರ್ಧ ದಿನದ ಕೆಲಸ. ಆಗ ಯೂನಿಫಾರ್ಮ್ ರಾಶಿ ಕುತ್ತಿಗೆವರೆಗೆ ಬಿದ್ದಿತ್ತು. ಸಾಲ್ದು ಅಂದ್ರೆ ಮಾತು ಅಲ್ಲಿಗೆ ಮುಗೀತು. ಯಾವ ದರ್ಜಿ ಹೇಳಲ್ಲ ಹೇಳು?"

"ತುಂಬುತೋಳೇ ಯಾಕೆ ಬೇಕು ಅಂತ ಕೇಳಿದ್ರಾ?"

"ಹುಡುಗಿ ಎಲ್ಲಿ ಬಂದಿದ್ಲು? ಹಳೇ ಡ್ರೆಸ್ ಕಳಿಸಿ ಇದೇ ಅಳತೆ ಅಂದ್ರು. ಬಂದೋರನ್ನೆಲ್ಲ ಯಾಕೆ ಯಾಕೆ ಅಂತಿದ್ರೆ ಅಂಗಡಿ ನಡೆದ ಹಾಗೇ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜಿದ. "ನಾನೇನು ಕದ್ದು ಮಾರಿಕೊಂಡ್ನಾ? ಪೆಟ್ಟಿಗೇಲಿ ಹಾಕಿಟ್ಟಿದ್ದೆ. ಅದನ್ನ ಚಿಂದಿ ಮಾಡಿದೋಳು ನೀನು."

ಆ ಮಾತು ಅವಳನ್ನು ಇನ್ನಷ್ಟು ಉರಿಸಿತು. ಕಣ್ಣಾಣೆ ಹಾಕಿದ್ದಳಲ್ಲ, ನಡುಬೀದಿಯಲ್ಲಿ, ಇವನಿಗಾಗಿ! ಹೊರಗೆ ಹೋಗಿ ಕೌದಿಯನ್ನು ಕಂಬಿಯಿಂದ ಎಳೆದು ತಂದು ಕತ್ತರಿಸುವ ಮೇಜಿನ ಮೇಲೆ, ಅವನ ಯೂನಿಫಾರ್ಮುಗಳ ಮೇಲೆಯೇ ಹಾಸಿದಳು. ಬ್ಲೇಡು ತೆಗೆದುಕೊಂಡು ಹಸಿರಿನ ಹೊಲಿಗೆ ಬಿಚ್ಚತೊಡಗಿದಳು.

"ತಲೆ ಕೆಟ್ಟಿದೆಯಾ? ನಾಳೆ ಕೊಡಬೇಕು ಅಂದೆ."

"ಕೊಡ್ತೀನಿ. ಮಕ್ಕಳಿಗೆ ಸುಳ್ಳು ಹೊದಿಸಲ್ಲ."

"ಪಟ್ಟಿ ಪಟ್ಟಿ ಮಾಡಿದೀಯ. ಇನ್ನು ಗೆರೆಗೆ ಗೆರೆ ಕೂಡಿಸೋದು ಯಾರಿಂದ ಸಾಧ್ಯ?"

"ಮಾಸ್ಟರ್ ಅಂತಾರಲ್ಲ ಜನ, ಅವರಿಂದ."

ಬೇಕರಿಯಲ್ಲಿ ಸಂಜೆಯ ಬ್ರೆಡ್ಡಿಗೆ ಜನ ನಿಂತಿದ್ದರು. ದಾರಿಯುದ್ದಕ್ಕೂ ಕಾಜಾ ಅಕ್ಕ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ಎಲ್ಲ ಮರೆತುಹೋಯಿತು. ಹಸಿರು ಪಟ್ಟಿಗಳ ಕಟ್ಟನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು.

"ಬಟ್ಟೆ ಸಾಕಷ್ಟಿತ್ತು ಅಕ್ಕ. ನಾವು ಸುಳ್ಳು ಹೇಳಿದ್ವಿ." ಧ್ವನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವರಲ್ಲಿ ಪಂಕ್ಚರ್ ಅಂಗಡಿಯವನೂ ಇದ್ದ. "ಆ ಡ್ರೆಸ್ ಕೊಡಿ. ತೋಳು ಹಾಕಿಸಿ ಕೊಡ್ತೀನಿ. ಅಳತೆಗೆ ಮಗಳನ್ನೇ ಕಳಿಸಿ."

ಬೇಕರಿಯಮ್ಮ ಪಟ್ಟಿಗಳನ್ನು ನೋಡಿದಳು, ಅವಳ ಮುಖ ನೋಡಿದಳು. "ಈ ಚಿಂದೀಲಿ ತೋಳಾ?" ಎಂದಳು. ಬ್ರೆಡ್ಡು ಕಟ್ಟಿಕೊಟ್ಟಳು, ಚಿಲ್ಲರೆ ಕೊಟ್ಟಳು, ಇನ್ನೊಬ್ಬರಿಗೆ ಕಟ್ಟಿಕೊಟ್ಟಳು. ಕಾಜಾ ಅಕ್ಕ ನಿಂತೇ ಇದ್ದಳು. ಕೊನೆಗೆ ಬೇಕರಿಯಮ್ಮ ಒಳಗಿನ ಬಾಗಿಲಿನ ಕಡೆ ಮುಖ ಮಾಡಿ, "ಏ ಪುಟ್ಟಿ, ಆ ಹಸಿರು ಡ್ರೆಸ್ ತಗೊಂಡು ಬಾ," ಎಂದು ಕೂಗಿದಳು.

ಹುಡುಗಿ ಮಾಸ್ಟರ್ ಅಂಗಡಿಗೆ ಬಂದು ನಡುವೆ ನಿಂತಳು. ಸ್ವೆಟರಿನ ತೋಳು ಬೆರಳಿನವರೆಗೂ ಎಳೆದುಕೊಂಡಿದ್ದಳು.

"ಇದರ ಮೇಲೇ ಅಳೀಬಹುದಲ್ವಾ?"

ಮಾಸ್ಟರ್ ಟೇಪನ್ನು ಕುತ್ತಿಗೆಯಿಂದ ಇಳಿಸಿದ. "ದೊಗಳೆ ಆಗುತ್ತಮ್ಮ," ಎಂದ. ಆಮೇಲೆ, "ಪರವಾಗಿಲ್ಲ, ಹಾಗೇ ಅಳೀತೀನಿ," ಎಂದ.

ಹುಡುಗಿ ಬೀದಿಯ ಕಡೆ ನೋಡಿದಳು. ಬಾಗಿಲು ಪೂರ್ತಿ ತೆರೆದಿತ್ತು. ಪಂಕ್ಚರ್ ಅಂಗಡಿಯ ಮುಂದೆ ಇಬ್ಬರು ಮೂವರು ಹರಟುತ್ತ ನಿಂತಿದ್ದರು.

ಕಾಜಾ ಅಕ್ಕ ಮೇಜಿನ ಮೇಲಿದ್ದ ಕೌದಿಯನ್ನೆತ್ತಿ, ಎರಡೂ ತುದಿ ಹಿಡಿದು, ಬಾಗಿಲಿಗೆ ಅಡ್ಡವಾಗಿ ಚಾಚಿ ನಿಂತಳು. ಹಸಿರಿದ್ದ ಕಡೆಗಳಲ್ಲಿ ಹಳೆಯ ಹಾಸು ಬೆಳ್ಳಗೆ ಕಾಣುತ್ತಿತ್ತು. ಅವಳ ಬೆನ್ನ ಹಿಂದೆ ಸ್ವೆಟರ್ ಕಳಚಿದ ಸದ್ದಾಯಿತು.

"ಬಿಗಿ ಬೇಡ," ಎಂದಿತು ಹುಡುಗಿಯ ಧ್ವನಿ.

"ಇಲ್ಲಮ್ಮ, ಇಲ್ಲ," ಎಂದ ಮಾಸ್ಟರ್.

ಕೌದಿ ಭಾರವಾಗಿತ್ತು. ತೋಳು ನಡುಗತೊಡಗಿದಾಗ ಅವಳು ಅದನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಹಿಡಿದಳು.