ಇಣುಕಪ್ಪ ಇಣುಕದ ದಿನ

ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವರನ್ನು ಎದುರಿಗೆ ಮೇಷ್ಟ್ರು ಅನ್ನುತ್ತಿದ್ದರು, ಬೆನ್ನ ಹಿಂದೆ ಇಣುಕಪ್ಪ. ಬ್ಯಾಂಕಿನ ವ್ಯಾನುಗಳ ಜೊತೆ ಹೋಗುವವರಿಗೆ, ಕಾರ್ಖಾನೆಯ ಗೇಟು ಕಾಯುವವರಿಗೆ ಬಂದೂಕು ಹಿಡಿಯುವುದನ್ನು ಅವರು ಹತ್ತೊಂಬತ್ತು ವರ್ಷಗಳಿಂದ ಕಲಿಸುತ್ತಿದ್ದರು. ಕಲಿಸುವುದರಲ್ಲಿ ಅರ್ಧಕ್ಕರ್ಧ ಒಂದೇ ಪಾಠ. ಬೋಲ್ಟನ್ನು, ಅಂದರೆ ಬಂದೂಕಿನ ಅಗುಳಿಯನ್ನು, ಹಿಂದಕ್ಕೆ ಎಳೆದ ಮೇಲೆ ಚೇಂಬರಿನೊಳಗೆ, ಅಂದರೆ ಗುಂಡು ಕೂರುವ ಗೂಡಿನೊಳಗೆ, ಇಣುಕಿ ನೋಡಬೇಕು. ಆಮೇಲೆ ಕಿರುಬೆರಳು ತೂರಿಸಿ ಮುಟ್ಟಬೇಕು. ಆಮೇಲೆ ಬಾಯಿಬಿಟ್ಟು "ಖಾಲಿ" ಅನ್ನಬೇಕು. ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಕುಡಿದಿಟ್ಟ ಟೀ ಲೋಟಕ್ಕೂ ಇಣುಕಿ ಖಾಲಿ ಅಂದಮೇಲೆಯೇ ಮೇಷ್ಟ್ರು ಅದನ್ನು ತೊಳೆಯಲು ಹಾಕುತ್ತಾರಂತೆ ಎಂದು ಕಲಿಯುವವರು ನಗುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ನಗುವವರು ನೋಡುತ್ತಾರೆ, ಅಷ್ಟು ಸಾಕು ಎಂದು ಸುಮ್ಮನಿದ್ದರು.

ಕೇಂದ್ರದಲ್ಲಿ ಅವರಿಗಿದ್ದ ಒಬ್ಬನೇ ಆಪ್ತ ಬಂದೂಕುಗಳ ಸ್ಟೋರು ನೋಡಿಕೊಳ್ಳುತ್ತಿದ್ದವನು. ಒಂದು ತೊಟ್ಟೂ ಬಾಯಿಗೆ ಹಾಕದ ಆ ಮನುಷ್ಯನನ್ನು ಎಲ್ಲರೂ 'ಎಣ್ಣೆ' ಎಂದು ಕರೆಯುತ್ತಿದ್ದರು. ಬಂದೂಕಿಗೆ ಹಾಕುವ ಎಣ್ಣೆಯ ವಾಸನೆ ಅವನ ಅಂಗಿಗೆ, ಚರ್ಮಕ್ಕೆ, ಬುತ್ತಿಯ ಡಬ್ಬಿಗೂ ಹತ್ತಿತ್ತು. ಹೊಸಬರು ಹೆಸರು ಕೇಳಿ ಬೇರೆಯೇ ಅರ್ಥ ಮಾಡಿಕೊಂಡು ಸಂಜೆ ಹೊತ್ತು ಅವನ ಹತ್ತಿರ ಸುಳಿದಾಡಿ ಪೆಚ್ಚಾಗಿ ಹೋಗುವುದು ವರ್ಷಕ್ಕೊಮ್ಮೆಯಾದರೂ ನಡೆಯುತ್ತಿತ್ತು.

ಆ ವರ್ಷ ಕೇಂದ್ರಕ್ಕೆ ಹೊಸ ಸಾಹೇಬರು ಬಂದರು. ನಲವತ್ತರ ಆಸುಪಾಸು, ಮೆಲುದನಿ. ಮೊದಲ ವಾರ ಬರೀ ನೋಡುತ್ತ ನಿಂತರು. ಎರಡನೇ ವಾರ ಮೇಷ್ಟ್ರನ್ನು ಕೋಣೆಗೆ ಕರೆದು, ಗುಂಡು ಹಾರಿಸುವ ನಡುವೆ ತಲೆ ಬಗ್ಗಿಸಿ ಚೇಂಬರ್ ನೋಡುವುದು ಕೆಟ್ಟ ಅಭ್ಯಾಸ, ಅದನ್ನು ಬಿಡಿಸಬೇಕು ಎಂದರು. ಕಣ್ಣು ಗುರಿಯ ಮೇಲೇ ಇರಬೇಕು. ಕೈ ತಾನಾಗಿ ಕೆಲಸ ಮಾಡಬೇಕು. ತರಬೇತಿಯಲ್ಲಿ ನೋಡಿ ರೂಢಿಯಾದವನು ಬೀದಿಯಲ್ಲೂ ನೋಡುತ್ತಾನೆ, ನೋಡುವಷ್ಟರಲ್ಲಿ ಎದುರಿನವನು ಕೆಲಸ ಮುಗಿಸಿರುತ್ತಾನೆ. ಅವರ ಜೊತೆಗಾರನೊಬ್ಬ ಒಂದು ವ್ಯಾನಿನ ಹಿಂದೆ ಹಾಗೆಯೇ ಸತ್ತಿದ್ದನಂತೆ. ತಗ್ಗಿಸಿದ ತಲೆ ಎತ್ತಲೇ ಇಲ್ಲವಂತೆ. ಅದನ್ನು ಹೇಳುವಾಗ ಸಾಹೇಬರು ಮೇಜಿನ ಮೇಲಿದ್ದ ಪೆನ್ನನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತಿದ್ದರು.

ಮೇಷ್ಟ್ರು ವಾದಿಸಿದರು. ಕಾದಾಡುವವನ ಮಾತು ಬೇರೆ, ಕಲಿಯುವವನ ಮಾತು ಬೇರೆ. ಬೋಲ್ಟ್ ಎಳೆದರೂ ಗುಂಡು ಕೆಲವು ಸಲ ಒಳಗೇ ಕಚ್ಚಿಕೊಂಡಿರುತ್ತದೆ, ಕೈಗೆ ಅದು ತಿಳಿಯುವುದಿಲ್ಲ. ಇಬ್ಬರೂ ಸರಿಯಾಗಿಯೇ ಮಾತಾಡಿದರು, ಇಬ್ಬರೂ ಒಪ್ಪಲಿಲ್ಲ. ನಾಲ್ಕು ದಿನದ ಮೇಲೆ ಸುತ್ತೋಲೆ ಬಂತು. ಅಭ್ಯಾಸದ ವೇಳೆ ಶೂಟರುಗಳು ಚೇಂಬರನ್ನು ಕಣ್ಣಿನಿಂದ ಪರೀಕ್ಷಿಸುವ ಪದ್ಧತಿಯನ್ನು ಕೈಬಿಡತಕ್ಕದ್ದು. ಮೇಷ್ಟ್ರು ಓದಿ ಸಹಿ ಹಾಕಿದರು.

ಆವತ್ತಿನಿಂದ ಅವರು ಮಾತು ಕಡಿಮೆ ಮಾಡಿದರು. ಬೇಡ ಅಂದರಲ್ಲ, ಬೇಡ. ಅಭ್ಯಾಸ ಮುಗಿದ ಮೇಲೆ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದು ಬಂದೂಕಿಗೂ ತಾವೇ ಇಣುಕಿ ನೋಡುವುದು ಅವರ ಕೆಲಸವಾಗಿತ್ತು. ಅದು ಸುತ್ತೋಲೆಗಿಂತ ಹಳೆಯದು, ಸುತ್ತೋಲೆ ಅದರ ಸುದ್ದಿಗೇ ಹೋಗಿರಲಿಲ್ಲ. ಮೇಷ್ಟ್ರು ಅದನ್ನೂ ಬಿಟ್ಟರು. ಸಾಲಿನ ತುದಿಯಲ್ಲೇ ಕೈಕಟ್ಟಿ ನಿಂತು, "ಎಲ್ಲಾ ಖಾಲಿ. ನಡೀರಿ," ಅನ್ನತೊಡಗಿದರು. ಮನೆಯಲ್ಲಿ ಹೆಂಡತಿ, ಯಾಕೆ ಮುಖ ಹೀಗೆ ಊದಿಸಿಕೊಂಡಿದ್ದೀರಿ ಎಂದು ಕೇಳಿದರೆ, ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತಾ ಅಂದಿದ್ದರಂತೆ. ಆ ಮಾತಿನಲ್ಲಿ ನಾಯಿ ಯಾರು, ದೇವಲೋಕ ಯಾವುದು ಎಂದು ಅವಳಿಗೆ ಗೊತ್ತಾಗಲಿಲ್ಲ.

ಹೀಗೆ ಹದಿನೇಳು ದಿನ ನಡೆಯಿತು. ಹದಿನೆಂಟನೆಯ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಎಂಟು ಜನರ ತಂಡ ಅಭ್ಯಾಸ ಮುಗಿಸಿತು. ಏಳನೇ ಜಾಗದಲ್ಲಿ ಮೂವತ್ತರ ಹೆಂಗಸೊಬ್ಬಳಿದ್ದಳು. ಹಿಂದೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದವಳು, ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವವಳು. ಅವಳ ಐದನೇ, ಕೊನೆಯ ಗುಂಡು ಹಾರುವ ಮೊದಲೇ ಅಭ್ಯಾಸ ಮುಗಿಸುವ ಸೀಟಿ ಬಿತ್ತು. ಅವಳು ಗುರಿಯಿಂದ ಕಣ್ಣು ಕೀಳದೆ ಬೋಲ್ಟ್ ಎಳೆದಳು, ಮುಂದಕ್ಕೆ ತಳ್ಳಿದಳು. ಎಂಟೂ ಬೋಲ್ಟುಗಳ ಸದ್ದು ಒಟ್ಟಿಗೆ ಕೇಳಿತು, ಹಿಂದೆಯೇ ಗುಂಡುಗಳ ಹಿತ್ತಾಳೆ ಕೋಶಗಳು ಸಿಮೆಂಟಿನ ಮೇಲೆ ಬಿದ್ದು ಠಣಗುಟ್ಟಿದ್ದೂ ಕೇಳಿತು. ಬಲತುದಿಯ ಕಡೆಯಿಂದ ಒಂದು ಸದ್ದು ಕಡಿಮೆ ಬಂತೇ? ಬಂತು ಅಂತ ಮೇಷ್ಟ್ರಿಗೆ ಅನ್ನಿಸಿತು. ಅಥವಾ ಆಮೇಲೆ ಹಾಗೆ ಅನ್ನಿಸಿತೋ ಏನೋ. ಅವರು ತುದಿಯಿಂದಲೇ "ಎಲ್ಲಾ ಖಾಲಿ" ಅಂದರು.

ಸ್ಟೋರಿನ ಕಿಟಕಿಯಲ್ಲಿ ಬಂದೂಕು ಒಪ್ಪಿಸುವ ಮೊದಲು ನಳಿಗೆಯನ್ನು ಓರೆಯಾಗಿ ಕೆಳಮುಖ ಮಾಡಿ ಒಮ್ಮೆ ಟ್ರಿಗರ್ ಒತ್ತಿ ಒಳಗಿನ ಸ್ಪ್ರಿಂಗನ್ನು ಸಡಿಲಿಸುವುದು ರೂಢಿ. ಆರು ಜನ ಹಾಗೆ ಮಾಡಿ ಒಪ್ಪಿಸಿದರು. ಏಳನೆಯವಳೂ ಹಾಗೆಯೇ ಮಾಡಿದಳು. ಗುಂಡು ಕಿಟಕಿಯ ಕೆಳಗಿನ ಮರದ ಹಲಗೆಯನ್ನು ತೂತು ಮಾಡಿಕೊಂಡು ಒಳಗೆ ನಿಂತಿದ್ದ ಎಣ್ಣೆಯ ಬಲ ಮಂಡಿಗೆ ಹೊಕ್ಕಿತು.

ಮೇಷ್ಟ್ರು ಓಡಲಿಲ್ಲ, ನಡೆದೇ ಹೋದರು. ನೆಲದ ಮೇಲೆ ಕೂತು, ತಮ್ಮ ಬೆಲ್ಟು ಬಿಚ್ಚಿ ಅವನ ತೊಡೆಗೆ ಬಿಗಿದರು. ಎಣ್ಣೆ ಕಿರುಚಲಿಲ್ಲ, ಎಂಟನೆಯ ಬಂದೂಕು ಇನ್ನೂ ಲೆಕ್ಕಕ್ಕೆ ಬಂದಿಲ್ಲ ಎಂದು ಎರಡು ಸಲ ಹೇಳಿದ. ಏಳನೆಯವಳು ಬಂದೂಕನ್ನು ನೆಲಕ್ಕೆ ಮಲಗಿಸಿ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು, ಒದ್ದೆ ಕೈ ಒರೆಸಿಕೊಳ್ಳಲು ಬಟ್ಟೆ ಸಿಗದವಳ ಹಾಗೆ. ಆಮೇಲೆ ಸಾಹೇಬರು ಬಂದರು, ಆಂಬುಲೆನ್ಸು ಬಂತು. ಆ ಬಂದೂಕಿನಲ್ಲಿ ಗುಂಡನ್ನು ಹೊರಗೆಳೆಯುವ ಕೊಕ್ಕೆ ಸವೆದಿತ್ತು ಎಂದು ಸಂಜೆ ಪತ್ತೆಯಾಯಿತು. ಗುಂಡು ಒಳಗೇ ಉಳಿದಿತ್ತು. ಒಮ್ಮೆ ಇಣುಕಿದ್ದರೆ ಹಿತ್ತಾಳೆಯ ತಳ ಕಾಣುತ್ತಿತ್ತು.

ಮೂರನೇ ದಿನ ಕಾಲನ್ನು ಮಂಡಿಯ ಮೇಲಿಂದ ತೆಗೆದರು.

ಮೇಷ್ಟ್ರಿಗೆ ಅಳು ಬರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲೋ ಜೋಮು ಹಿಡಿದಿತ್ತು. ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತಿತ್ತು, ನೋವಾಗುತ್ತಿರಲಿಲ್ಲ. ಹೆಂಡತಿ ಎದುರಿಗೆ ಕೂತು ಮಾತಾಡಿಸಿದರೆ ಅವಳ ತುಟಿ ಅಲ್ಲಾಡುವುದನ್ನು ನೋಡುತ್ತಿದ್ದರು, ಕೊನೆಗೆ ಹೂಂ ಅನ್ನುತ್ತಿದ್ದರು.

ಆಸ್ಪತ್ರೆಗೆ ದಿನ ಬಿಟ್ಟು ದಿನ ಹೋದರು. ಎಣ್ಣೆಯ ಹೆಂಡತಿ ಸ್ಟೂಲು ಎಳೆದುಕೊಟ್ಟು, "ಕೂತ್ಕೊಳ್ಳಿ ಅಣ್ಣ," ಅನ್ನುತ್ತಿದ್ದಳು. ಎಣ್ಣೆ ದಿಂಬಿಗೆ ಒರಗಿ, ಬಂದ ನರ್ಸಿಗೆ, ಪಕ್ಕದ ಮಂಚದವನಿಗೆ, ಔಷಧಿ ತಂದವನಿಗೆ ಮೇಷ್ಟ್ರನ್ನು ತೋರಿಸುತ್ತಿದ್ದ. ಈ ಮನುಷ್ಯ ಬಡ್ಕೊಂಡ, ಯಾರೂ ಕೇಳಲಿಲ್ಲ ಎಂದು ಹೇಳುತ್ತಿದ್ದ. ಒಂದು ದಿನ ಮೇಷ್ಟ್ರ ಕೈ ಹಿಡಿದುಕೊಂಡ.

"ವಿಚಾರಣೆಯವರು ಬಂದಿದ್ರು ಕಣೋ. ಎಲ್ಲಾ ಹೇಳಿದೀನಿ. ನಿನ್ನ ಮಾತು ಕೇಳಿದ್ರೆ ನನ್ನ ಕಾಲು ಉಳೀತಿತ್ತು ಅಂತ ಬರೆಸಿದೀನಿ."

ಮೇಷ್ಟ್ರು ಹೂಂ ಅಂದರು.

ವಿಚಾರಣೆ ನಡೆದದ್ದು ಕೇಂದ್ರದ ಪಾಠದ ಕೋಣೆಯಲ್ಲೇ. ಮೂವರು ಹೊರಗಿನವರು, ಒಬ್ಬ ಗುಮಾಸ್ತ. ಗೋಡೆಯ ಮೇಲೆ ಬಂದೂಕಿನ ಒಳಭಾಗದ ಚಿತ್ರ ಹಾಗೇ ಇತ್ತು. ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರ ಹೇಳಿಕೆಯೂ ಒಂದೇ ದಿಕ್ಕಿಗೆ ಬೊಟ್ಟು ಮಾಡಿತ್ತು. ಸುತ್ತೋಲೆ ತಪ್ಪು, ಸಾಹೇಬರದ್ದು ತಪ್ಪು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಸಾಹೇಬರು ಮೇಷ್ಟ್ರನ್ನು ಕಂಡು ಎದ್ದು ನಿಂತರು. ನೀವು ಹೇಳಿದ್ದೇ ಸರಿಯಾಯಿತು, ನಾನು ಒಳಗೆ ಅದನ್ನೇ ಒಪ್ಪಿಕೊಳ್ಳುತ್ತೇನೆ ಎಂದರು. ಗಡ್ಡ ಬೋಳಿಸಿಕೊಂಡಿರಲಿಲ್ಲ. ಮೇಷ್ಟ್ರು ಅವರನ್ನು ನೋಡಿದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ಮರುಕವೂ ಹುಟ್ಟಲಿಲ್ಲ. ಬಾಗಿಲ ಒಳಗಿಂದ ಯಾರೋ ಕರೆದರು.

ಹಿರಿಯ ಹೆಂಗಸೊಬ್ಬರು ಪ್ರಶ್ನೆ ಕೇಳುತ್ತಿದ್ದರು. ಸುತ್ತೋಲೆಯನ್ನು ನೀವು ವಿರೋಧಿಸಿದ್ದು ನಿಜವೇ ಎಂದರು. ನಿಜ ಎಂದರು ಮೇಷ್ಟ್ರು. ಆದೇಶ ಇದ್ದುದರಿಂದಲೇ ಆ ದಿನ ಯಾರೂ ಚೇಂಬರ್ ನೋಡಲಿಲ್ಲ, ಹೀಗೆ ಬರೆದುಕೊಳ್ಳಬಹುದಲ್ಲವೇ ಎಂದರು. ಹೂಂ ಅನ್ನುವುದು ಅಭ್ಯಾಸವಾಗಿ ಹೋಗಿತ್ತು, ಬಾಯಿಯವರೆಗೂ ಬಂತು. ಅಷ್ಟರಲ್ಲಿ ಬೇರೆ ಮಾತು ಬಂತು.

"ಆದೇಶ ಗುಂಡು ಹಾರಿಸೋರಿಗೆ. ನನಗಲ್ಲ," ಎಂದರು ಮೇಷ್ಟ್ರು. "ಕೊನೇಲಿ ಸಾಲಾಗಿ ಹೋಗಿ ನೋಡೋದು ನನ್ನ ಕೆಲಸ. ಅದು ಬೇಡ ಅಂತ ಯಾರೂ ಹೇಳಿರಲಿಲ್ಲ."

"ಮತ್ತೆ ಯಾಕೆ ನೋಡಲಿಲ್ಲ?"

"ಸಿಟ್ಟಿತ್ತು."

ಗುಮಾಸ್ತ ಪೆನ್ನು ಎತ್ತಿ ಹಿಡಿದು, ಏನೆಂದು ಬರೆಯಲಿ ಎಂಬಂತೆ ಆ ಹೆಂಗಸಿನ ಕಡೆ ನೋಡಿದ.

"ಹಾಗೇ ಬರ್ಕೊಳ್ಳಿ," ಎಂದರು ಮೇಷ್ಟ್ರು. "ನೋಡದೇನೇ ಖಾಲಿ ಅಂದೆ. ಹದಿನೆಂಟು ದಿನ ಅಂದೆ. ಏಳನೇ ಜಾಗದ ಹುಡುಗಿ ನನ್ನ ಮಾತು ನಂಬಿ ಟ್ರಿಗರ್ ಒತ್ತಿದ್ದು."

ಆ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೀರು ಕುಡಿಯುತ್ತೀರಾ ಎಂದರು. ಮೇಷ್ಟ್ರು ಕುಡಿದರು. ಲೋಟದ ನೀರು ತಣ್ಣಗಿದೆ ಎಂಬುದು ಮಾತ್ರ ಗೊತ್ತಾಯಿತು.

ಆ ಸಂಜೆಯೇ ಎಣ್ಣೆಯ ಮನೆಗೆ ಹೋಗಿ ಅದನ್ನೇ ಹೇಳಿದರು. ಅಷ್ಟು ಹೊತ್ತಿಗೆ ಅವನನ್ನು ಮನೆಗೆ ಕಳಿಸಿದ್ದರು. ಎಣ್ಣೆ ಕೊನೆವರೆಗೂ ಕೇಳಿದ. ಅವನ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದವಳು ಮಡಿಸುವುದನ್ನು ನಿಲ್ಲಿಸಿ, ಒಳಗೆ ಹೋದಳು.

"ಆಸ್ಪತ್ರೆಗೆ ಹನ್ನೊಂದು ಸಲ ಬಂದೆ," ಎಂದ ಎಣ್ಣೆ. "ಹನ್ನೊಂದು ಸಲಾನೂ ನನ್ನ ಬಾಯಲ್ಲಿ ನಿನ್ನ ಹೊಗಳಿಕೆ ಕೇಳ್ಕೊಂಡು ಕೂತಿದ್ದೆಯಲ್ಲೋ."

ಎಣ್ಣೆ ಹೊದಿಕೆಯನ್ನು ಅರ್ಧಗಾಲಿನ ಮೇಲೆ ಎಳೆದುಕೊಂಡ.

"ಕಾಲು ಹೋಗಿದ್ದು ತಪ್ಪಿಂದ ಹೋಯ್ತು. ತಪ್ಪು ಯಾರಿಂದಲಾದ್ರೂ ಆಗುತ್ತೆ. ಇದು ಮಾತ್ರ ನೀನು ಕೂತು ಮಾಡಿದ್ದು. ಹೋಗು ಈಗ."

ಹೋದರು.

ಮೇಷ್ಟ್ರನ್ನು ಕಲಿಸುವ ಕೆಲಸದಿಂದ ತೆಗೆದು ಕಾಗದಪತ್ರಗಳ ಕೋಣೆಗೆ ಹಾಕಿದರು. ಸಾಹೇಬರನ್ನು ಬೇರೆ ಕೇಂದ್ರಕ್ಕೆ ಕಳಿಸಿದರು. ಸುತ್ತೋಲೆಯನ್ನು ತಿದ್ದಿ ಬರೆದರು. ಗುಂಡು ಹಾರಿಸುವ ನಡುವೆ ಕಣ್ಣು ಗುರಿಯ ಮೇಲೇ ಇರಲಿ, ಮುಗಿದ ಮೇಲೆ ಹಾರಿಸಿದವರೂ ನೋಡಲಿ, ಕಲಿಸುವವರೂ ನೋಡಲಿ, ಸ್ಟೋರಿನವರೂ ನೋಡಲಿ. ಮೇಷ್ಟ್ರೂ ಸಾಹೇಬರೂ ಆ ದಿನ ಕೋಣೆಯಲ್ಲಿ ಇನ್ನರ್ಧ ಗಂಟೆ ಕೂತಿದ್ದರೆ ಇಷ್ಟನ್ನೇ ಬರೆಯುತ್ತಿದ್ದರು. ಅದರ ನಕಲು ಕಾಗದಪತ್ರಗಳ ಕೋಣೆಗೇ ಬಂತು. ಮೇಷ್ಟ್ರು ಫೈಲಿಗೆ ಸೇರಿಸಿದರು.

ಏಳನೆಯವಳು ಕೆಲಸ ಬಿಟ್ಟು ಮತ್ತೆ ಬಸ್ ನಿಲ್ದಾಣದ ಕಿಟಕಿಗೆ ಹೋಗಿದ್ದಳು. ಮೇಷ್ಟ್ರು ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ, ನಿನ್ನ ತಪ್ಪು ಏನೂ ಇಲ್ಲ ಎಂದು ಎಲ್ಲರೆದುರು ಹೇಳಿದ್ದೇನೆ, ಬರೆದೂ ಆಗಿದೆ ಎಂದರು. ಅವಳು ಗಾಜಿನ ಆಚೆಯಿಂದ ತಲೆಯಾಡಿಸಿದಳು.

"ನನಗೆ ಗೊತ್ತಾಗುತ್ತೆ ಮೇಷ್ಟ್ರೇ," ಎಂದಳು. "ಬೆರಳಿಗೆ ಗೊತ್ತಾಗಲ್ಲ."

ಹಿಂದೆ ನಿಂತವನು ಬೇಗ ಬೇಗ ಅಂದ. ಮೇಷ್ಟ್ರು ಪಕ್ಕಕ್ಕೆ ಸರಿದರು.

ಐದು ತಿಂಗಳು ಎಣ್ಣೆಯ ಸುದ್ದಿಯಿಲ್ಲ. ಮೇಷ್ಟ್ರೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಹೆಂಡತಿಗೆ ಒಮ್ಮೆ ಹೇಳಿದರು. ಇರುವುದು ಒಂದೇ ಮುಖ, ಅದನ್ನೇ ಇಟ್ಟುಕೊಂಡು ಹೋಗಿ ಎಂದಳು ಅವಳು. ಆಗಲೂ ಹೋಗಲಿಲ್ಲ. ಒಂದು ಭಾನುವಾರ ಬೆಳಗ್ಗೆ ಫೋನು ಬಂತು.

"ಗಾಡಿ ತಗೊಂಡು ಬಾ," ಎಂದ ಎಣ್ಣೆ. "ಕಾಲು ಅಳತೆ ನೋಡ್ತಾರಂತೆ. ಇವಳಿಗೆ ಡ್ಯೂಟಿ ಇದೆ. ದಾರೀಲಿ ಮಾತಾಡಬೇಡ."

ಮೇಷ್ಟ್ರು ಹೋದರು. ಊರುಗೋಲುಗಳನ್ನು ಹಿಂದಿನ ಸೀಟಿಗೆ ಹಾಕಿದರು, ದಾರಿಯಲ್ಲಿ ಮಾತಾಡಲಿಲ್ಲ. ಕೃತಕ ಕಾಲು ಮಾಡುವ ಅಂಗಡಿ ಮೂರನೇ ಮಹಡಿಯಲ್ಲಿತ್ತು, ಲಿಫ್ಟು ಸಣ್ಣದು. ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ ನಿಂತು ಮೇಲೆ ಹೋದರು. ಎಣ್ಣೆಯ ಮೈಯಿಂದ ಈಗ ಸೋಪಿನ ವಾಸನೆ ಬರುತ್ತಿತ್ತು.

ಅಳತೆ ತೆಗೆಯುವವನು ಫಾರಂ ತುಂಬಿಸುತ್ತ, ಜೊತೆಗೆ ಬಂದವರ ಹೆಸರು ಬರೆದುಕೊಂಡು, "ಇವರು ನಿಮಗೆ ಏನಾಗಬೇಕು?" ಎಂದ.

ಎಣ್ಣೆ ಕಿಟಕಿಯ ಕಡೆ ನೋಡಿದ. "ಒಟ್ಟಿಗೆ ಕೆಲಸ ಮಾಡ್ತಿದ್ವಿ," ಎಂದ.

ಅವನು ಅದನ್ನೇ ಬರೆದುಕೊಂಡ. ಆಮೇಲೆ ಎಣ್ಣೆಯನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿ, ಹಿಂದಿನಿಂದ ಯಾರಾದರೂ ಹಿಡಿದುಕೊಳ್ಳಬೇಕು ಎಂದ. ಮೇಷ್ಟ್ರು ಹೋಗಿ ಎರಡೂ ಕಂಕುಳಿಗೆ ಕೈಕೊಟ್ಟು ನಿಂತರು. ಎಣ್ಣೆ ಪೂರ್ತಿ ಭಾರ ಬಿಟ್ಟ. ಅಂದುಕೊಂಡದ್ದಕ್ಕಿಂತ ಹಗುರವಾಗಿದ್ದ. ಅಳತೆ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟು ಹೊತ್ತೂ ಮೇಷ್ಟ್ರು ಕದಲಲಿಲ್ಲ. ಕೊನೆಕೊನೆಗೆ ತೋಳು ನೋಯತೊಡಗಿತು.