ರುಮಾಲು ಬಿಚ್ಚಿಸಿ ಟೊಪ್ಪಿಗಿ

ನಿಜಾಮರ ಕಾಲದಾಗ ಶಹಾಬಾದದ ಕ್ರೈಸ್ತ ಸಭಿಗೆ ಒಮ್ಮೆ ತಲಿನೋವು ಬಂದಿತ್ತು. ಮಾತಿಗೆ ಹೇಳಾಕತ್ತಿಲ್ಲ, ಖರೇನೇ ತಲೀದೇ ನೋವು. ಪ್ರಾರ್ಥನಿಗೆ ಗಂಡಸರು ರುಮಾಲು ಸುತ್ಕೊಂಡು ಕುಂದ್ರಬೇಕೋ, ಬಿಚ್ಚಿ ಕುಂದ್ರಬೇಕೋ?

ಫರಸಿ ಕಲ್ಲಿನ ಖಣಿಯವರು ಸುತ್ತೋರು. ತಹಶೀಲದಾರನ ಮುಂದ ಬರೀ ತಲಿಲೇ ನಿಂತ್ರ ಜವಾನ ಹೊರಗ ದಬ್ಬತಾನ, ದೇವರೇನು ತಹಶೀಲದಾರಗಿಂತ ಸಣ್ಣಾಂವೇನು ಅಂತ ಅವರ ವಾದ. ವಾಡಿಂದ ಬರೋ ರೈಲ್ವೇದವರು ಬಿಚ್ಚೋರು. ಪಾದ್ರಿ ಸಾಹೇಬರೇ ಟೊಪ್ಪಿಗಿ ತಗದು ಒಳಗ ಬರ್ತಾರ, ನಿಮ್ಮ ತಲಿಗೇನು ಕೊಂಬು ಬಂದಾವೇನು ಅಂತ ಇವರದು.

ಗುಲಬರ್ಗಾದ ಪಾದ್ರಿ ಎರಡು ತಿಂಗಳಿಗೊಮ್ಮೆ ಬಂದು, ಇಂಥಾ ರಿವಾಜಿಗೆಲ್ಲ ಜಗಳಾಡಬ್ಯಾಡ್ರಿ, ಒಬ್ಬರಿಗೊಬ್ಬರು ಬಗ್ಗಿ ನಡೀರಿ ಅಂತ ಹೇಳಿ ಹೋಗ್ತಿದ್ದರು. ಅವರ ಗಾಡಿ ಬಿಡೂತನ ಎಲ್ಲರೂ ಬಗ್ಗೇ ಇರ್ತಿದ್ದರು. ಆಮ್ಯಾಲ ಬಗ್ಗಿದ್ದು ಕಲ್ಲು ಹುಡುಕಲಿಕ್ಕ. ಶಹಾಬಾದದಾಗ ಕಲ್ಲಿಗೇನು ಬರ?

ಈಸ್ಟರಿಗೆ ಸಭಿ ಎರಡು ಹೋಳಾಗತದ ಅಂತ ಸುದ್ದಿ ಹಬ್ಬಿತು. ಖಣಿಯವರ ಹಿರ್ಯಾ ನರಸಪ್ಪಗ ಅನ್ನ ಸೇರಲಿಲ್ಲ. ಪ್ರಾರ್ಥನಾ ಮನಿ ಫರಸಿ ಒಂದೊಂದೂ ಅವನೇ ಕೂಡ್ಸಿದ್ದು. ರೈಲ್ವೇದವರ ಹಿರ್ಯಾ ಅಂಬಾರಾಯ ಅವನ ಜೀವದ ಗೆಳ್ಯಾ. ಇಬ್ಬರೂ ಒಂದೇ ದಿನ ಕಾಗಿಣಾ ಹೊಳ್ಯಾಗ ಮುಳುಗಿ ದೀಕ್ಷಾಸ್ನಾನ ತಗೊಂಡಿದ್ದರು. ನರಸಪ್ಪ ಅವನನ್ನ ಬಂದೇಅಲಿ ಚಹಾದ ಅಂಗಡಿಗೆ ಕರಕೊಂಡು ಹೋದ.

“ನಿಮ್ಮವರ ಸಲುವಾಗಿ ನಾ ಬಿಚ್ಚತೀನಿ, ನಮ್ಮವರ ಸಲುವಾಗಿ ನೀ ಸುತ್ತು,” ಅಂದ. “ಯಾರು ಗೆದ್ದರು ಅಂತ ಯಾರಿಗೂ ತಿಳೀಬಾರದು.”

ಅಂಬಾರಾಯ ಕೈಮ್ಯಾಲ ಕೈ ಹಾಕಿ ಆಣಿ ಮಾಡಿದ.

ಈಸ್ಟರ್ ದಿನ ನರಸಪ್ಪ ಬಾಗಿಲಾಗ ರುಮಾಲು ಬಿಚ್ಚಿ, ಮಡಚಿ ಬಗಲಾಗ ಇಟ್ಕೊಂಡು ಒಳಗ ಬಂದ. ವರ್ಷಗಟ್ಟಲೆ ಬಿಸಲು ಕಾಣದ ಹಣಿ ಮ್ಯಾಲ ಬೆಳ್ಳಗ ಒಂದು ಪಟ್ಟಿ. ನಮ್ಮ ಕಡಿ ಗಂಡಸು ಬರೀ ತಲಿಲೇ ಹೊರಗ ಬೀಳೋದು ಹೆಣದ ಹಿಂದ ಹೋಗೂವಾಗಷ್ಟೇ. ಮುದುಕಿ ನೀಲಾಬಾಯಿ ಗಾಬರಿಯಾಗಿ, “ಯಪ್ಪಾ, ಮನ್ಯಾಗ ಯಾರು ಹೋದ್ರೋ?” ಅಂದಳು.

“ಯಾರಿಲ್ಲ ಆಯಿ, ಸುಮ್ನ,” ಅಂದು ನರಸಪ್ಪ ಕುಂತ. ಕಣ್ಣೆಲ್ಲ ಬಾಗಿಲ ಕಡಿ.

ಅಂಬಾರಾಯ ಬಂದ. ಎಣ್ಣಿ ಹಚ್ಚಿ ಬೈತಲಿ ತಗದಿದ್ದ. ರುಮಾಲಿಲ್ಲ, ರುಮಾಲಿನ ಚೂರೂ ಇಲ್ಲ. ನರಸಪ್ಪನ ಮಾರಿ ನೋಡಲಿಲ್ಲ. ನಡುವ ನಿಂತು ಎಲ್ಲರಿಗೂ ಕೇಳೂಹಂಗ ಹೇಳಿದ:

“ನೋಡ್ರಿ, ಖಣಿಯವರ ಹಿರ್ಯಾನೇ ಬಿಚ್ಚಿ ಕುಂತಾನ. ಇನ್ನ ಜಗಳ ಯಾತರದು?”

ರುಮಾಲು ಬಿಚ್ಚಿಸಿದ ಗೆಳ್ಯಾ ಅವಗ ಟೊಪ್ಪಿಗಿ ಹಾಕಿದ್ದ. ಅಂಗಡ್ಯಾಗಿನ ಮಾತು ಬಾಯಿತನ ಬಂತು. ಆಡಿದ್ರ ಅಲ್ಲೇ ಕಲ್ಲು ಹಾರ್ತಿದ್ದವು. ನರಸಪ್ಪ ನುಂಗಿದ. ಖಣಿಯವರು ಒಬ್ಬೊಬ್ಬರೇ ರುಮಾಲು ಬಿಚ್ಚಿದ್ರು. ಬಿಚ್ಚೂವಾಗ ಅವರು ನೋಡಿದ್ದು ಶಿಲುಬಿಯನ್ನಲ್ಲ, ಅವನನ್ನ. ಹಬ್ಬಕ್ಕ ಬಂದಿದ್ದ ಪಾದ್ರಿ ಸಾಹೇಬರಿಗೆ ಭಾಳ ಖುಷಿ. ಬಗ್ಗಿ ನಡಿಯೋದು ಅಂದ್ರ ಇದು ನೋಡ್ರಿ ಅಂದರು.

ಊಟಕ್ಕ ಪಂಕ್ತಿ ಒಂದೇ ಇತ್ತು. ನರಸಪ್ಪನ ಎಡಕ್ಕೂ ಬಲಕ್ಕೂ ಯಾರೂ ಕುಂದ್ರಲಿಲ್ಲ. ತಲಿ ಮಾರಿಕೊಂಡಾನ ಅಂತ ಗುಸುಗುಸು. ಅಂಬಾರಾಯ ಪತ್ರಾವಳಿ ಹಿಡಕೊಂಡು ಬಂದು ಬಾಜೂಕ ಕುಂತ. ನಮ್ಮವರು ಕೇಳಲಿಲ್ಲೋ, ಮನ್ಯಾಗೇ ರುಮಾಲು ಕಸಗೊಂಡ್ರು ಅಂತ ಏನೇನೋ ಸಬೂಬು ಹೇಳಿದ. “ಹ್ಯಾಂಗೂ ಸಭಿ ಉಳೀತಲ್ಲ, ನರಸಣ್ಣಾ?”

“ಜಗಳಾಡಿದ್ರೇ ಛಲೋ ಇತ್ತು,” ಅಂದ ನರಸಪ್ಪ. “ಆಗ ನೀ ನನ್ನ ಎದುರಿಗೆ ಇರ್ತಿದ್ದಿ.”

ಅರ್ಧಾ ಉಂಡ ಪತ್ರಾವಳಿ ಎತ್ಕೊಂಡು ಎದ್ದ. ಖಣಿಯವರು ಮೈ ತಾಕದಂಗ ಸರಿದು ದಾರಿ ಬಿಟ್ರು. ರೈಲ್ವೇದವರು ಎದ್ದು ನಿಂತು ಸಲಾಮು ಮಾಡಿದ್ರು. ಅವಗ ಚುಚ್ಚಿದ್ದು ಸಲಾಮೇ.